ಕ್ಯಾರವಾನ್ ಮೈಗೆ ಹತ್ತಿದ ಡಾಮರು: ಟರ್ಪೆಂಟೈನ್, ಡಬ್ಲ್ಯುಡಿ-40, ತೆಂಗಿನೆಣ್ಣೆ, ಯಾವುದು ಎಲ್ಲಿಗೆ ಆಗುತ್ತದೆ?

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಫೈಬರ್ ಮೈಗೂ, ಚೆನ್ನಾಗಿ ಒಣಗಿ ಗಟ್ಟಿಯಾದ ಪಿಯು (ಪಾಲಿಯುರಿಥೇನ್) ಪೇಂಟಿಗೂ ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ಸಾಕು, ಐದರಲ್ಲಿ ನಾಲ್ಕೂವರೆ ಅಂಕ. ದಾರಿಯಲ್ಲಿ ಕೈಗೆ ಸಿಗಬೇಕಾದದ್ದು ಡಬ್ಲ್ಯುಡಿ-40 ಎಂಬ ತುಕ್ಕು ತಡೆಯುವ ಸ್ಪ್ರೇ, ಅದಕ್ಕೆ ನಾಲ್ಕು. ಕಿಟಕಿ, ಸ್ಟಿಕ್ಕರ್, ಪ್ಲಾಸ್ಟಿಕ್ ಅಂಚುಗಳಿಗೆ ತೆಂಗಿನೆಣ್ಣೆ. ನಿಧಾನವಾದರೂ ಏನನ್ನೂ ಹಾಳು ಮಾಡದ ಕಾರಣ ಅದಕ್ಕೂ ನಾಲ್ಕು. ಸ್ಪ್ರೇ ಡಬ್ಬಿಯ ಟಾರ್ ರಿಮೂವರ್‌ಗಳಿಗೆ ಮೂರು, ಅದೂ ಲೇಬಲ್ ಓದಿ ಕೊಂಡರೆ ಮಾತ್ರ. ಪೆಟ್ರೋಲಿಗೂ ಥಿನ್ನರಿಗೂ ಸೊನ್ನೆ.

ಇಷ್ಟೊಂದು ಯಾಕೆ, ಒಂದೇ ಬಾಟಲಿ ಸಾಲದೇ ಎಂದು ಕೇಳಬಹುದು. ಕಾರಿಗಾದರೆ ಸಾಕಾಗುತ್ತಿತ್ತು. ಕ್ಯಾರವಾನ್, ಅಂದರೆ ವಾಹನದ ಹಿಂದೆ ಕಟ್ಟಿ ಎಳೆಯುವ ಮನೆಯಂಥ ಟ್ರಾವೆಲ್ ಟ್ರೇಲರಿನ ಮೈ ಹಾಗಲ್ಲ. ಮುಂಭಾಗ ಫೈಬರ್, ಪಕ್ಕದ ಗೋಡೆ ಪೇಂಟ್ ಹೊಡೆದ ಅಲ್ಯೂಮಿನಿಯಂ, ಕಿಟಕಿ ಅಕ್ರಿಲಿಕ್, ಲ್ಯಾಂಪಿನ ಕವರ್ ಇನ್ನೊಂದು ಪ್ಲಾಸ್ಟಿಕ್, ಚಕ್ರದ ಮೇಲಿನ ಕಮಾನು ಎಬಿಎಸ್ ಪ್ಲಾಸ್ಟಿಕ್, ಬಾಗಿಲ ಸುತ್ತ ರಬ್ಬರ್, ಕೀಲುಗಳಲ್ಲಿ ನೀರು ತಡೆಯುವ ಬ್ಯೂಟೈಲ್ ಅಂಟುಪಟ್ಟಿ, ಮೇಲಿಂದ ವಿನೈಲ್ ಸ್ಟಿಕ್ಕರ್. ಡಾಮರು ಇವುಗಳ ಮೇಲೆಲ್ಲ ಒಂದೇ ಸಲ ಸಿಡಿಯುತ್ತದೆ. ಒಂದಕ್ಕೆ ಮದ್ದಾದದ್ದು ಪಕ್ಕದ್ದಕ್ಕೆ ವಿಷ. ಟ್ರೇಲರ್ ಹಾಳಾಗುವುದು ಡಾಮರಿನಿಂದಲ್ಲ, ಡಾಮರು ತೆಗೆಯುವ ಅವಸರದಿಂದ.

ಡಾಮರು ಎಂದರೆ ಏನು, ಅದು ಯಾಕೆ ಬಿಡುವುದಿಲ್ಲ

ನಾವು ಈಗಲೂ ಡಾಮರು ಎಂದೇ ಕರೆದರೂ ಇವತ್ತಿನ ರಸ್ತೆಯ ಕಪ್ಪು ಅಂಟು ಕಲ್ಲಿದ್ದಲಿನಿಂದ ಬಂದದ್ದಲ್ಲ. ಅದು ಕಚ್ಚಾ ತೈಲವನ್ನು ಶುದ್ಧೀಕರಿಸಿದ ಮೇಲೆ ತಳದಲ್ಲಿ ಉಳಿಯುವ ಬಿಟುಮಿನ್. ನಮ್ಮ ಮಂಗಳೂರಿನ ತೈಲ ಶುದ್ಧೀಕರಣ ಘಟಕ ಎಂಆರ್‌ಪಿಎಲ್‌ನಲ್ಲೂ ತಯಾರಾಗುತ್ತದೆ. ಹೆದ್ದಾರಿಗೆ ಸಾಮಾನ್ಯವಾಗಿ ಬಳಸುವ ವಿಜಿ-30 ದರ್ಜೆ ಕನಿಷ್ಠ 47 ಡಿಗ್ರಿ ಸೆಲ್ಸಿಯಸ್‌ವರೆಗೆ ತನ್ನ ಗಟ್ಟಿತನ ಉಳಿಸಿಕೊಳ್ಳಬೇಕು ಎಂದು ಭಾರತೀಯ ಮಾನದಂಡ ಐಎಸ್ 73 ಹೇಳುತ್ತದೆ. ಏಪ್ರಿಲ್ ಬಿಸಿಲಲ್ಲಿ ನಿಂತ ಗಾಢ ಬಣ್ಣದ ಲೋಹದ ಹಾಳೆ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿಯಾಗುತ್ತದೆ. ಮಧ್ಯಾಹ್ನ ಉಜ್ಜಿದರೆ ಚುಕ್ಕೆ ಹೋಗದೆ ಅಂಗೈಯಗಲ ಹರಡುವುದು ಇದಕ್ಕೇ.

ಹಲಸಿನ ಹಣ್ಣು ಕೊಯ್ದು ಗೊತ್ತಿದ್ದವರಿಗೆ ಉಳಿದದ್ದನ್ನು ವಿವರಿಸಬೇಕಾಗಿಲ್ಲ. ಮೇಣ ಹತ್ತಿದ ಕೈಯನ್ನು ಎಷ್ಟು ಸೋಪು ಹಾಕಿ ತೊಳೆದರೂ ಅದು ಅಲ್ಲೇ ಇರುತ್ತದೆ, ತೆಂಗಿನೆಣ್ಣೆ ಹಚ್ಚಿದರೆ ಜಾರುತ್ತದೆ. ಬಿಟುಮಿನ್ನಿಗೂ ನೀರು ಆಗುವುದಿಲ್ಲ, ಎಣ್ಣೆಯ ಜಾತಿಯದ್ದೇ ಬೇಕು. ಆದರೆ ಬಿಟುಮಿನ್ ಒಳಗೆ ಎರಡು ಭಾಗ ಉಂಟು. ಎಣ್ಣೆಯಂಥ ಮಾಲ್ಟೀನ್ ಸೀಮೆಎಣ್ಣೆ ಜಾತಿಯ ದ್ರವಗಳಲ್ಲಿ ಬೇಗ ಕರಗುತ್ತದೆ. ಕಪ್ಪು ಪುಡಿಯಂಥ ಆಸ್ಫಾಲ್ಟೀನ್ ಅವುಗಳಲ್ಲಿ ಅಷ್ಟು ಸುಲಭಕ್ಕೆ ಕರಗುವುದಿಲ್ಲ, ಸಡಿಲವಾಗಿ ತೇಲುತ್ತದೆ ಅಷ್ಟೆ. ಅದನ್ನು ಬಟ್ಟೆಯಿಂದ ಎತ್ತಿ ತೆಗೆಯಬೇಕು. ಟಾಲೂಯೀನ್, ಕ್ಸೈಲೀನ್ ಇರುವ ದ್ರವಗಳು ಎರಡನ್ನೂ ಕರಗಿಸುತ್ತವೆ, ಜತೆಗೆ ಕಿಟಕಿಯನ್ನೂ ಸ್ಟಿಕ್ಕರನ್ನೂ ಕರಗಿಸುತ್ತವೆ.

ಡಾಮರಿನ ಚುಕ್ಕೆಯೊಳಗೆ ಜಲ್ಲಿಪುಡಿ ಇದ್ದೇ ಇರುತ್ತದೆ. ಅದನ್ನು ಒಣಗಿದ್ದಾಗ ಉಜ್ಜಿದರೆ ಉಪ್ಪುಕಾಗದ ಉಜ್ಜಿದ ಹಾಗೆಯೇ.

ಸಿಡಿದ ಕೂಡಲೇ ಬಣ್ಣ ನೋಡಿ

ಮಳೆ ನಿಂತ ಮೇಲೆ ತೇಪೆ ಕೆಲಸ ಶುರುವಾಗುತ್ತದೆ. ತಲಪಾಡಿಯಿಂದ ಕುಂದಾಪುರದ ತನಕ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಮಣಿಪಾಲ–ಹೆಬ್ರಿ ಕಡೆಯ 169ಎಯಲ್ಲಿ, ಚಾರ್ಮಾಡಿ ದಾರಿಯಲ್ಲಿ ಮುಂದಿನ ಮಳೆಗಾಲದವರೆಗೂ ಎಲ್ಲಾದರೂ ಒಂದು ಕಡೆ ಹೊಸ ಕಪ್ಪು ಸಿಗುತ್ತದೆ. ಶಿರಾಡಿ ಘಾಟಿಯ ಕಾಂಕ್ರೀಟ್ ಭಾಗದಲ್ಲಿ ಈ ಕಾಟ ಇಲ್ಲ. ಹೆಚ್ಚು ಸಿಡಿಯುವುದು ಬಿಸಿ ಮಿಶ್ರಣ ಅಲ್ಲ, ಅದರ ಅಡಿಗೆ ಅಂಟಿಗಾಗಿ ಸಿಂಪಡಿಸುವ ತೆಳು ಪದರ. ಅದು ಬಿಟುಮಿನ್ ಎಮಲ್ಷನ್, ನೀರಿನಲ್ಲಿ ಬೆರೆಸಿದ್ದು. ಸಿಂಪಡಿಸಿದಾಗ ಕಂದು ಬಣ್ಣ, ನೀರು ಬೇರ್ಪಟ್ಟ ಮೇಲೆ ಕಪ್ಪು.

ಕಂದು ಇರುವಾಗಲೇ ಬದಿಗೆ ನಿಲ್ಲಿಸಿ ಬರೀ ನೀರು ಹೊಯ್ದರೆ ಬಹುಪಾಲು ಹೋಗುತ್ತದೆ. ಯಾವ ಎಣ್ಣೆಯೂ ಬೇಡ. ಎರಡು ಲೀಟರ್ ನೀರು, ಒಂದು ಮೆತ್ತನೆಯ ಬಟ್ಟೆ, ಐದು ನಿಮಿಷದ ಕೆಲಸ. ಮನೆಗೆ ಹೋಗಿ ನೋಡಿಕೊಳ್ಳೋಣ ಎಂದು ಬಿಟ್ಟರೆ ಅರ್ಧ ದಿನದ ಕೆಲಸ. ಕಪ್ಪಾಗಿದ್ದರೆ ಅವಸರ ಮಾಡಿ ಪ್ರಯೋಜನವಿಲ್ಲ, ಆದರೆ ಒಂದೆರಡು ವಾರದೊಳಗೆ ತೆಗೆಯಿರಿ. ಬಿಳಿ ಫೈಬರಿನಲ್ಲಿ ಎಣ್ಣೆಯ ಭಾಗ ಒಳಗಿಳಿದು ಕಂದು ಕಲೆ ಉಳಿಯುತ್ತದೆ.

ಟ್ರೇಲರಿನಲ್ಲಿ ಡಾಮರು ಹೆಚ್ಚು ಬೀಳುವುದು ಎಳೆಯುವ ವಾಹನದ ಹಿಂದಿನ ಚಕ್ರಗಳಿಂದ. ಆದ್ದರಿಂದ ಮುಂಭಾಗದ ಕೆಳಗಿನ ಎರಡು ಅಡಿ, ಎಳೆಯುವ ಚೌಕಟ್ಟು ಮತ್ತು ಗ್ಯಾಸ್ ಪೆಟ್ಟಿಗೆಯ ಮುಖವನ್ನು ಮೊದಲು ನೋಡಿ. ಟ್ರೇಲರಿನ ಸ್ವಂತ ಚಕ್ರದ ಹಿಂದಿನ ಪಟ್ಟಿ ಆಮೇಲೆ. ಪಕ್ಕದ ಗೋಡೆಯ ಮೇಲ್ಭಾಗದಲ್ಲಿ ಕಪ್ಪು ಕಂಡರೆ ಅದು ಡಾಮರೇ ಅಲ್ಲದಿರಬಹುದು. ಛಾವಣಿಯ ಅಂಚಿನಿಂದ ಇಳಿದ ಕಪ್ಪು ಗೆರೆಗಳು ಧೂಳು ಮತ್ತು ಸೀಲಂಟಿನ ಜಿಡ್ಡು. ಮಳೆಗಾಲವಿಡೀ ನಿಂತ ಗಾಡಿಯ ಮೇಲಿನ ಕಪ್ಪು ಚುಕ್ಕೆಗಳು ಬೂಷ್ಟು. ಎರಡಕ್ಕೂ ಸೋಪು ನೀರು ಸಾಕು, ಟರ್ಪೆಂಟೈನ್ ದಂಡ. ಒಂದು ಚುಕ್ಕೆಗೆ ತೆಂಗಿನೆಣ್ಣೆ ಹಚ್ಚಿ ಐದು ನಿಮಿಷ ಬಿಟ್ಟು ಬಿಳಿ ಬಟ್ಟೆಯಲ್ಲಿ ಒತ್ತಿ. ಬಟ್ಟೆಗೆ ಕಂದು ಹತ್ತಿದರೆ ಡಾಮರು.

ಮಿನರಲ್ ಟರ್ಪೆಂಟೈನ್

ಪೇಂಟ್ ಅಂಗಡಿಗಳಲ್ಲಿ ಟರ್ಪೆಂಟೈನ್ ಎಂದೋ ಎಂಟಿಒ (ಮಿನರಲ್ ಟರ್ಪೆಂಟೈನ್ ಆಯಿಲ್) ಎಂದೋ ಕೇಳಿದರೆ ಕೊಡುತ್ತಾರೆ. ಮಂಗಳೂರಿನ ಬಂದರಿನ ಹಾರ್ಡ್‌ವೇರ್ ಸಾಲಿನಲ್ಲಾಗಲಿ ಉಡುಪಿಯ ಯಾವುದೇ ಪೇಂಟ್ ಅಂಗಡಿಯಲ್ಲಾಗಲಿ ಸಿಗುವ ವಸ್ತು. ಅರ್ಧ ಲೀಟರ್ ಸಾಕು. ಹದಿನಾರು ಅಡಿಯ ಟ್ರೇಲರಿನ ಮುಂಭಾಗಕ್ಕೂ ಎರಡು ಬದಿಯ ಕೆಳಪಟ್ಟಿಗೂ ಅಷ್ಟರಲ್ಲಿ ಮುಗಿದು ಸ್ವಲ್ಪ ಉಳಿಯುತ್ತದೆ. ಚಿತ್ರಕಲೆಯ ಅಂಗಡಿಯ ಗಮ್ ಟರ್ಪೆಂಟೈನ್ ಬೇರೆ. ಅದು ಪೈನ್ ಮರದ್ದು, ಇಲ್ಲಿಗೆ ಬೇಡ.

ಇದರ ಗುಣ ಎಂದರೆ ಬೇಗ ಒಳಗಿಳಿಯುತ್ತದೆ, ಹೆಚ್ಚು ಜಿಡ್ಡು ಬಿಡುವುದಿಲ್ಲ. ಅದರಲ್ಲಿ ಟಾಲೂಯೀನ್, ಕ್ಸೈಲೀನ್ ಜಾತಿಯ ಆರೋಮ್ಯಾಟಿಕ್ ಭಾಗವೂ ಸ್ವಲ್ಪ ಇರುವುದರಿಂದ ಕಪ್ಪು ಪುಡಿಯೂ ಸಡಿಲಾಗುತ್ತದೆ. ಅದೇ ಕಾರಣಕ್ಕೆ ಅಕ್ರಿಲಿಕ್ ಕಿಟಕಿಯ ಹತ್ತಿರ ತರಬಾರದು.

ಇನ್ನೊಂದು ಎಚ್ಚರಿಕೆ ಊರಲ್ಲೇ ವೆಲ್ಡಿಂಗ್ ಮಾಡಿಸಿ ಕಟ್ಟಿದ ಟ್ರೇಲರ್‌ಗಳಿಗೆ. ಅವುಗಳಲ್ಲಿ ಹಲವಕ್ಕೆ ಸಿಂಥೆಟಿಕ್ ಎನಾಮೆಲ್ ಬಳಿದಿರುತ್ತಾರೆ. ಎನಾಮೆಲ್ ತೆಳು ಮಾಡಲು ಬಳಸುವುದು ಇದೇ ಟರ್ಪೆಂಟೈನ್! ಬಳಿದು ಒಂದೆರಡು ತಿಂಗಳಾಗಿದ್ದರೆ ಮುಟ್ಟಲೇಬೇಡಿ. ಹಳೆಯದಾದರೂ ಗೋಡೆಯ ಕೆಳಗಿನ ಸ್ಕರ್ಟಿನ ಒಳಬದಿಯಲ್ಲಿ, ಕಣ್ಣಿಗೆ ಬೀಳದ ಎರಡು ಇಂಚಿನಲ್ಲಿ, ಟರ್ಪೆಂಟೈನಿನಲ್ಲಿ ಒದ್ದೆ ಮಾಡಿದ ಬಟ್ಟೆ ಐದು ನಿಮಿಷ ಇಟ್ಟು ಒರೆಸಿ. ಬಟ್ಟೆಗೆ ಗೋಡೆಯ ಬಣ್ಣ ಬಂದರೆ ತೆಂಗಿನೆಣ್ಣೆಯೇ ಗತಿ. ಪಿಯು ಅಥವಾ ಫೈಬರಿನ ನುಣುಪು ಮೇಲ್ಪದರವಾದ ಜೆಲ್‌ಕೋಟ್ ಆದರೆ ಬಣ್ಣ ಬರುವುದಿಲ್ಲ.

ಬಳಸುವ ಕ್ರಮ ಹೀಗೆ. ಮೊದಲು ಗಾಡಿ ಪೂರ್ತಿ ತೊಳೆಯಬೇಕು. ನಮ್ಮ ಕೆಂಪುಮಣ್ಣಿನ ಧೂಳು ಮುರಕಲ್ಲಿನದು, ಒರಟು. ಅದರ ಮೇಲೆ ಬಟ್ಟೆ ಆಡಿಸಿದರೆ ಗೀರು ಖಂಡಿತ. ಹತ್ತು ಲೀಟರ್ ಬಕೆಟ್ಟಿಗೆ ಶಾಂಪೂ, ಮೇಲಿಂದ ಕೆಳಗೆ. ಪ್ರೆಷರ್ ವಾಷರ್ ಇದ್ದರೆ ಮೂತಿಯನ್ನು ಒಂದೂವರೆ ಅಡಿ ದೂರ ಹಿಡಿಯಿರಿ. ಸ್ಟಿಕ್ಕರ್ ಅಂಚಿಗೂ ಕಿಟಕಿ ರಬ್ಬರಿಗೂ ನೇರ ಹೊಡೆಯಬೇಡಿ. ಪ್ರೆಷರಿನಿಂದ ಡಾಮರು ಹೋಗುವುದಿಲ್ಲ, ಆ ಆಸೆಯಿಂದ ಹತ್ತಿರ ಹಿಡಿದರೆ ಸೀಲಂಟ್ ಏಳುತ್ತದೆ.

ನೆರಳಿಗೆ ತನ್ನಿ. ಬೆಳಿಗ್ಗೆ ಹತ್ತು ಗಂಟೆಯೊಳಗೆ ಅಥವಾ ಸಂಜೆ ನಾಲ್ಕೂವರೆ ಮೇಲೆ. ಗೋಡೆಗೆ ಅಂಗೈ ಇಟ್ಟರೆ ತಣ್ಣಗಿರಬೇಕು. ಬಿಸಿ ಗೋಡೆಯ ಮೇಲೆ ಟರ್ಪೆಂಟೈನ್ ಒಳಗಿಳಿಯುವ ಮೊದಲೇ ಆರಿ ಹೋಗುತ್ತದೆ. ರಬ್ಬರ್ ಮತ್ತು ಕೀಲುಗಳ ಉದ್ದಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿ.

ಗ್ಯಾಸ್ ಸಿಲಿಂಡರ್ ಬಿಚ್ಚಿ ದೂರ ಇಡುವುದನ್ನು ಯಾರೂ ಬಿಡಬಾರದು. ಡಾಮರು ಹೆಚ್ಚಿರುವ ಮುಂಭಾಗದಲ್ಲೇ ಗ್ಯಾಸ್ ಪೆಟ್ಟಿಗೆ ಇರುತ್ತದೆ. ಗ್ಯಾಸಿನ ಫ್ರಿಜ್ ಇದ್ದರೆ ಅದರ ಜ್ವಾಲೆ ಆರಿಸಿ. ಸೀಮೆಎಣ್ಣೆಯ ಆವಿ ಹೊತ್ತಿಕೊಳ್ಳಲು 35 ಡಿಗ್ರಿ ಸಾಕು ಎಂದರೆ ಮಲ್ಪೆಯ ಬೇಸಿಗೆ ಮಧ್ಯಾಹ್ನ ಅದರ ಅಂಚಿನಲ್ಲೇ ಇರುತ್ತದೆ. ಟರ್ಪೆಂಟೈನೂ ಅದರ ಹತ್ತಿರದ್ದೇ.

ನೆಟ್ಟಗಿನ ಗೋಡೆಗೆ ದ್ರವ ಸುರಿದರೆ ಹರಿದು ನೆಲ ಸೇರುತ್ತದೆ. ಹತ್ತಿಯನ್ನೋ ಟಿಶ್ಯೂ ಕಾಗದವನ್ನೋ ಒದ್ದೆ ಮಾಡಿ ಚುಕ್ಕೆಯ ಮೇಲೆ ಅಂಟಿಸಿ, ಮೂರರಿಂದ ಐದು ನಿಮಿಷ ಬಿಡಿ. ಕಾಳುಮೆಣಸಿನಷ್ಟು ದೊಡ್ಡ ಗಡ್ಡೆಗೆ ಎರಡು ಸುತ್ತು ಬೇಕು. ಕಂದು ಬಣ್ಣ ಇಳಿಯತೊಡಗಿದರೆ ಹದ ಆಯಿತು. ಮೈಕ್ರೋಫೈಬರ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರೆ ಎಂಟು ಮುಖ ಸಿಗುತ್ತದೆ. ಒಂದು ಮುಖದಿಂದ ಚುಕ್ಕೆಯ ಅಂಚಿನಿಂದ ನಡುವಿಗೆ ಒಂದೇ ಸಲ ಎಳೆದು ಎತ್ತಿ, ಮುಖ ಬದಲಿಸಿ. ಕಪ್ಪಾದ ಮುಖದಿಂದ ಮತ್ತೆ ಒರೆಸಿದರೆ ತೆಗೆದದ್ದನ್ನು ಪುನಃ ಹಚ್ಚಿದ ಹಾಗೆ. ಹತ್ತು ಬಟ್ಟೆ ಇಟ್ಟುಕೊಳ್ಳಿ. ಜಾಸ್ತಿ ಎನಿಸಬಹುದು, ಆದರೆ ಜನ ಸೋಲುವುದು ಬಟ್ಟೆಯಲ್ಲೇ. ಒಂದೇ ಬಟ್ಟೆಯಲ್ಲಿ ಮುಗಿಸಲು ಹೋಗಿ ಇಡೀ ಗೋಡೆಗೆ ಕಂದು ಮೋಡ ಎಳೆದಿರುತ್ತಾರೆ. ಹಳೆಯ ಬನಿಯನ್ ಬಟ್ಟೆಯ ತುಂಡುಗಳೂ ಆದಾವು, ಹೊಲಿಗೆ ಮತ್ತು ಗುಂಡಿ ಇಲ್ಲದ ಭಾಗ ಮಾತ್ರ.

ಒಂದು ಸಲಕ್ಕೆ ಎರಡು ಅಡಿ ಅಗಲದ ಭಾಗ ಮುಗಿಸಿ, ಐದು ಲೀಟರ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಆ ಭಾಗ ತೊಳೆದು ಮುಂದೆ ಹೋಗಿ. ಉಬ್ಬುತಗ್ಗಿನ ಅಲ್ಯೂಮಿನಿಯಂ ಹಾಳೆಯಾದರೆ ಗುಳಿಗಳಲ್ಲಿ ಡಾಮರು ಕೂತಿರುತ್ತದೆ. ಅಲ್ಲಿಗೆ ಹಳೆಯ ಮೆತ್ತನೆ ಟೂತ್‌ಬ್ರಷ್.

ಡಬ್ಲ್ಯುಡಿ-40

1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ತುಕ್ಕು ತಡೆಯಲು, ನೀರು ಓಡಿಸಲು ತಯಾರಾದ ದ್ರವ. ನಲವತ್ತನೇ ಪ್ರಯತ್ನಕ್ಕೆ ಹದ ಸಿಕ್ಕಿದ್ದರಿಂದ ಆ ಹೆಸರು. ಡಾಮರು ತೆಗೆಯಲೆಂದೇ ಮಾಡಿದ್ದಲ್ಲ, ಆದರೆ ಅದರಲ್ಲಿರುವ ಪೆಟ್ರೋಲಿಯಂ ದ್ರಾವಕವೂ ಹಗುರ ಎಣ್ಣೆಯೂ ಬಿಟುಮಿನ್ನನ್ನು ಚೆನ್ನಾಗಿ ಮೆತ್ತಗೆ ಮಾಡುತ್ತವೆ. ಎಣ್ಣೆ ಇರುವುದರಿಂದ ಟರ್ಪೆಂಟೈನಿನಂತೆ ಬೇಗ ಆರುವುದಿಲ್ಲ, ಚುಕ್ಕೆಯ ಮೇಲೆ ನಿಂತು ಕೆಲಸ ಮಾಡುತ್ತದೆ. ಕೊಳವೆ ಸಿಕ್ಕಿಸಿದರೆ ರಿವೆಟ್ ಸುತ್ತ, ತಿರುಪಿನ ತಲೆಯ ಸಂದಿಗೆ ಸರಿಯಾಗಿ ಹೋಗುತ್ತದೆ. ಎಳೆಯುವ ಚೌಕಟ್ಟಿನ ಕಬ್ಬಿಣಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ಡಾಮರೂ ಹೋಗುತ್ತದೆ, ಕಡಲ ಉಪ್ಪುಗಾಳಿಯ ತುಕ್ಕಿಗೂ ಸ್ವಲ್ಪ ತಡೆ.

ಟರ್ಪೆಂಟೈನಿಗಿಂತ ಅರ್ಧ ಅಂಕ ಕಡಿಮೆಯಾದದ್ದು ಆ ಎಣ್ಣೆಯಿಂದಲೇ. ತೊಳೆಯದೆ ಬಿಟ್ಟರೆ ಧೂಳು ಹಿಡಿಯುತ್ತದೆ, ಮೇಲೆ ಹಚ್ಚುವ ವ್ಯಾಕ್ಸ್ ಕೂರುವುದಿಲ್ಲ. ಎರಡು ಸಲ ಸೋಪು ನೀರು ಬೇಕು. ಪಾರದರ್ಶಕ ಪಾಲಿಕಾರ್ಬೊನೇಟ್ ಮತ್ತು ಪಾಲಿಸ್ಟೈರೀನ್ ಮೇಲೆ ಬಳಸಬೇಡಿ ಎಂದು ತಯಾರಕರೇ ಹೇಳುತ್ತಾರೆ. ಲ್ಯಾಂಪ್ ಕವರುಗಳ ಹತ್ತಿರ ಅದನ್ನು ಮರೆಯಬೇಡಿ. ಗೋಡೆಗೆ ನೇರ ಸಿಂಪಡಿಸುವ ಬದಲು ಬಟ್ಟೆಗೆ ಸಿಂಪಡಿಸಿ ಒತ್ತಿ ಹಿಡಿದರೆ ಡಬ್ಬಿಯೂ ಉಳಿಯುತ್ತದೆ.

ಹೆಚ್ಚಿನವರು ಗಮನಿಸದ ಅಪಾಯ ಒಂದುಂಟು. ಟ್ರೇಲರಿನ ತೂಗಾಟ ತಡೆಯಲು ಘರ್ಷಣೆಯ ಪ್ಯಾಡ್ ಇರುವ ಕಪ್ಲಿಂಗ್ ಹಾಕಿದ್ದರೆ ಅದು ಕೂರುವ ಟೋ ಬಾಲ್ (ಎಳೆಯುವ ವಾಹನದ ಹಿಂದಿನ ಕಬ್ಬಿಣದ ಗುಂಡು) ಒಣಗಿರಬೇಕು, ಜಿಡ್ಡು ಆಗಲೇಬಾರದು. ಸ್ಪ್ರೇಯ ಹನಿ ಅಲ್ಲಿಗೆ ಹೋದರೆ ಪ್ಯಾಡ್ ಹಿಡಿತ ಬಿಡುತ್ತದೆ. ಕಪ್ಲಿಂಗಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಕೆಲಸ ಶುರು ಮಾಡಿ. ಬ್ರೇಕ್ ಡ್ರಮ್ಮಿನ ಕಡೆಗೂ ಅದೇ ಎಚ್ಚರಿಕೆ.

ತೆಂಗಿನೆಣ್ಣೆ

ಇದನ್ನು ಮನೆಮದ್ದು ಎಂದು ಬದಿಗೆ ಸರಿಸಬಾರದು. ಟ್ರೇಲರಿನ ಅತಿ ದುಬಾರಿ ಭಾಗ ಎಂದರೆ ಅಕ್ರಿಲಿಕ್ ಕಿಟಕಿ. ಅದಕ್ಕೆ ಹಚ್ಚಬಹುದಾದದ್ದು ಇದೊಂದೇ ಎಂದರೂ ತಪ್ಪಿಲ್ಲ. ಅಕ್ರಿಲಿಕ್ ಹಾಳೆಯನ್ನು ಬಗ್ಗಿಸಿ ಕೂರಿಸಿರುತ್ತಾರೆ, ಒಳಗೆ ಬಿಗಿ ಇರುತ್ತದೆ. ಥಿನ್ನರ್, ಪೆಟ್ರೋಲ್, ಸ್ಪಿರಿಟ್ ತಾಗಿದರೆ ಆ ಬಿಗಿ ಇರುವಲ್ಲಿ ಕೂದಲೆಳೆಯಂಥ ಬಿರುಕುಗಳ ಬಲೆ ಬಿಚ್ಚಿಕೊಳ್ಳುತ್ತದೆ. ಕೆಲವೊಮ್ಮೆ ಆ ಕ್ಷಣ ಏನೂ ಕಾಣದೆ ಕೆಲವು ದಿನ ಬಿಟ್ಟು ಕಾಣುತ್ತದೆ. ಒಮ್ಮೆ ಬಂದ ಮೇಲೆ ಯಾವ ಪಾಲಿಶಿಗೂ ಹೋಗುವುದಿಲ್ಲ, ಕಿಟಕಿಯನ್ನೇ ಬದಲಿಸಬೇಕು. ತೆಂಗಿನೆಣ್ಣೆಗೆ ಆ ಗುಣ ಇಲ್ಲ.

ಬೆಲೆ ನೋಡಿದರೆ ಅಡುಗೆಯ ಎಣ್ಣೆಯನ್ನು ಗಾಡಿಗೆ ಹಚ್ಚಲು ಮನಸ್ಸು ಬಾರದು. ಆದರೆ ಬೇಕಾದದ್ದು ನೂರು ಮಿಲಿಲೀಟರ್, ವಾಸನೆ ಬಂದ ಹಳೆಯ ಎಣ್ಣೆಯೂ ಆಗುತ್ತದೆ. ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಚುಕ್ಕೆಯ ಮೇಲಿಟ್ಟು, ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಟೇಪ್ ಹಚ್ಚಿ. ಅರ್ಧ ಗಂಟೆ, ಹಳೆಯ ಡಾಮರಿಗೆ ಎರಡು ಗಂಟೆ. ಆಮೇಲೆ ಒತ್ತಿ ಎತ್ತಿ, ಉಜ್ಜಬೇಡಿ. ಅಕ್ರಿಲಿಕ್ಕಿಗೆ ಗೀರು ಬೀಳಲು ಒಂದು ಮರಳ ಕಣ ಸಾಕು. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೊಮ್ಮೆ ಇಡಿ. ಮಾರನೇ ದಿನ ಮೂರನೆಯ ಸಲ ಇಟ್ಟರೂ ನಷ್ಟವಿಲ್ಲ. ಕೊನೆಗೆ ಸೌಮ್ಯ ಸೋಪು ನೀರು.

24 ಡಿಗ್ರಿಗಿಂತ ತಣ್ಣಗಾದರೆ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ. ಕರಾವಳಿಯಲ್ಲಿ ತೊಂದರೆ ಅಪರೂಪ. ಘಟ್ಟದ ಮೇಲೆ ಬೆಳಗ್ಗಿನ ಹೊತ್ತು ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿಕೊಳ್ಳಬೇಕು. ಸ್ಟಿಕ್ಕರಿನ ಮೇಲೂ ಇದೇ ಕ್ರಮ. ಅಂಚಿನಿಂದ ಅರ್ಧ ಇಂಚು ಬಿಡಿ, ಎಣ್ಣೆ ಅಡಿಗೆ ಹೋದರೆ ಅಂಟು ಬಿಡುತ್ತದೆ.

ರಬ್ಬರಿಗೆ ಮಾತ್ರ ಎಣ್ಣೆಯೂ ಬೇಡ. ಬಾಗಿಲಿನ ಸುತ್ತ, ಕೆಲವು ಟ್ರೇಲರುಗಳ ಛಾವಣಿಯ ಮೇಲೆ ಇರುವುದು ಇಪಿಡಿಎಂ ರಬ್ಬರ್. ಪೆಟ್ರೋಲಿಯಂ ದ್ರವ ಕುಡಿದರೆ ಅದು ಉಬ್ಬಿ ಮೆತ್ತಗಾಗುತ್ತದೆ. ಅಲ್ಲಿಗೆ ಐಸ್. ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಐಸ್ ಪುಡಿ ಮತ್ತು ಒಂದು ಹಿಡಿ ಕಲ್ಲುಪ್ಪು ಹಾಕಿ, ಬಾಯಿ ಬಿಗಿದು ಹತ್ತು ನಿಮಿಷ ಒತ್ತಿ ಹಿಡಿಯಿರಿ. ಉಪ್ಪು ಸೇರಿದ ಐಸ್ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ, ಬಿಟುಮಿನ್ ಗಾಜಿನಂತೆ ಪೆಡಸಾಗುತ್ತದೆ. ಚೀಲ ತೆಗೆದ ಕೂಡಲೇ ರಬ್ಬರನ್ನು ಬಗ್ಗಿಸಿ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಚಿಮ್ಮಿದರೆ ಚೂರಾಗಿ ಏಳುತ್ತದೆ. ಮೀನು ಇಳಿಸುವ ಧಕ್ಕೆಯ ಹತ್ತಿರ ಇರುವವರಿಗೆ ಐಸಿಗೆ ಬರವಿಲ್ಲ.

ಕೀಲಿನ ಬ್ಯೂಟೈಲ್ ಪಟ್ಟಿಯ ಮೇಲೆ ಬಿದ್ದ ಡಾಮರನ್ನು ಬಿಟ್ಟುಬಿಡಿ. ಚಂದಕ್ಕಾಗಿ ಅದನ್ನು ಟರ್ಪೆಂಟೈನಿನಲ್ಲಿ ಒರೆಸಿದರೆ ಪಟ್ಟಿ ಕರಗಿ ಜೂನ್ ತಿಂಗಳಲ್ಲಿ ಗೋಡೆಯೊಳಗೆ ನೀರು. ನಮ್ಮ ಮಳೆಗೆ ಒಂದು ಸೂಜಿಯಷ್ಟು ಸಂದಿ ಸಾಕು. ಒಳಗಿನ ಪ್ಲೈವುಡ್ ಕೊಳೆತ ಮೇಲೆಯೇ ಗೊತ್ತಾಗುವುದು.

ಡಬ್ಬಿಯ ಟಾರ್ ರಿಮೂವರ್, ಸೀಮೆಎಣ್ಣೆ ಮತ್ತು ಉಳಿದವು

ಅಂಗಡಿಯ ಟಾರ್ ರಿಮೂವರ್ ಸ್ಪ್ರೇಗಳು ವೇಗದಲ್ಲಿ ಎಲ್ಲವನ್ನೂ ಮೀರಿಸುತ್ತವೆ. ಪಿಯು ಪೇಂಟಿನ ಗೋಡೆಯ ತುಂಬ ಸಾಸಿವೆ ಕಾಳಿನಷ್ಟು ಸಣ್ಣ ಚುಕ್ಕೆಗಳಿದ್ದರೆ ಹಣ ಕೊಟ್ಟದ್ದು ವ್ಯರ್ಥವಲ್ಲ. ಆದರೆ ಆ ವೇಗ ಎಲ್ಲಿಂದ ಬಂತೆಂದು ಲೇಬಲಿನಲ್ಲಿ ನೋಡಬೇಕು. ಕ್ಸೈಲೀನ್, ಟಾಲೂಯೀನ್ ಎಂದಿದ್ದರೆ ಟ್ರೇಲರಿಗೆ ತರಬೇಡಿ. ಕಿತ್ತಳೆ ಸಿಪ್ಪೆಯ ಎಣ್ಣೆ ಆಧಾರಿತವಾದದ್ದು ಪೇಂಟಿಗೆ ಸ್ವಲ್ಪ ಸೌಮ್ಯ, ಪ್ಲಾಸ್ಟಿಕ್ಕಿಗೆ ಅಲ್ಲ. ಮೂರು ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ, ಆರಲು ಬಿಡಲೇಬೇಡಿ. ಲೇಬಲಿನಲ್ಲಿ ಒಳಗೇನಿದೆ ಎಂದೇ ಬರೆಯದ ಡಬ್ಬಿಯನ್ನು ಅಂಗಡಿಯಲ್ಲೇ ಬಿಡಿ.

ಸೀಮೆಎಣ್ಣೆ, ಅಂದರೆ ಚಿಮಿಣಿ ಎಣ್ಣೆ, ಕೆಲಸ ಮಾಡುತ್ತದೆ, ಟರ್ಪೆಂಟೈನಿಗಿಂತ ನಿಧಾನ, ಜಿಡ್ಡು ಮತ್ತು ವಾಸನೆ ಹೆಚ್ಚು. ನಾಡದೋಣಿಗಳಿಗೆ ಸಬ್ಸಿಡಿಯಲ್ಲಿ ಸಿಗುವ ಸೀಮೆಎಣ್ಣೆಯನ್ನು ಇದಕ್ಕಾಗಿ ಕೇಳುವುದು ಸರಿಯಲ್ಲ, ಅದು ಮೀನುಗಾರರ ದುಡಿಮೆಯ ಇಂಧನ. ಟರ್ಪೆಂಟೈನ್ ಸುಲಭವಾಗಿ ಸಿಗುವಾಗ ಅದರ ಅಗತ್ಯವೂ ಇಲ್ಲ. ಡೀಸೆಲ್ ಹಚ್ಚುವುದು ಲಾರಿಯವರ ಪದ್ಧತಿ. ಅಡಿಭಾಗದ ಕಬ್ಬಿಣಕ್ಕೆ ಆದೀತು, ಬಿಳಿ ಗೋಡೆಗೆ ಆಗದು.

ಪೆಟ್ರೋಲಿಗೆ ಸೊನ್ನೆ ಕೊಡಲು ಎರಡು ಕಾರಣ. ಅದರ ಆವಿ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೇ ಹೊತ್ತಿಕೊಳ್ಳಬಲ್ಲದು. ಮೊಬೈಲ್ ಚಾರ್ಜರಿನ ಪ್ಲಗ್ಗಿನ ಕಿಡಿಯೂ ಹೆಚ್ಚೇ. ಮತ್ತೆ ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ, ಅಕ್ರಿಲಿಕ್ಕಿಗೆ ಅದು ಇನ್ನೊಂದು ಪೆಟ್ಟು. ಥಿನ್ನರ್ ಸ್ಟಿಕ್ಕರನ್ನೂ ಪೇಂಟನ್ನೂ ಡಾಮರಿಗಿಂತ ಮೊದಲು ತೆಗೆಯುತ್ತದೆ.

ಬ್ಲೇಡ್, ಹಸಿರು ಸ್ಕ್ರಬ್ಬರ್, ಹಾಟ್ ಏರ್ ಗನ್, ತೆಂಗಿನ ನಾರು, ಇವು ಯಾವುದೂ ಬೇಡ. ಕ್ಲೇ ಬಾರ್ (ಮೈಗೆ ಅಂಟಿದ ಕಣಗಳನ್ನು ಎತ್ತುವ ಮೆತ್ತನೆಯ ಜೇಡಿಯಂಥ ತುಂಡು) ಒಳ್ಳೆಯದು, ಆದರೆ ಡಾಮರು ಹೋದ ನಂತರ ಉಳಿಯುವ ಒರಟಿಗೆ ಮಾತ್ರ. ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿ ಗೋಡೆ ಸವರಿದರೆ ಕಣ್ಣಿಗೆ ಕಾಣದ ಒರಟು ಬೆರಳಿಗೆ ತಾಗುತ್ತದೆ. ಅಲ್ಲಿಗೆ ಸೋಪು ನೀರು ಸಿಂಪಡಿಸಿ ಕ್ಲೇ ಆಡಿಸಿ. ನೆಲಕ್ಕೆ ಬಿದ್ದ ಕ್ಲೇ ತುಂಡನ್ನು ಎಸೆದುಬಿಡಿ, ಅದರಲ್ಲಿ ಮರಳು ಸೇರಿರುತ್ತದೆ.

ಕಂದು ಕಲೆ ಉಳಿದರೆ

ಚುಕ್ಕೆ ಹೋಗಿ ಚಹಾ ಚೆಲ್ಲಿದಂಥ ನೆರಳು ಉಳಿಯುವುದು ಬಿಳಿ ಜೆಲ್‌ಕೋಟಿನಲ್ಲಿ ಸಾಮಾನ್ಯ. ಎಣ್ಣೆಯ ಭಾಗ ಸಣ್ಣ ರಂಧ್ರಗಳಿಗೆ ಇಳಿದಿದೆ ಎಂದರ್ಥ. ಮೇಲಿಂದ ಎಷ್ಟು ಒರೆಸಿದರೂ ಬಾರದು, ಹೊರಗೆ ಹೀರಿಸಬೇಕು. ಸೀಮೆಸುಣ್ಣದ ಪುಡಿಗೆ ಟರ್ಪೆಂಟೈನ್ ಸೇರಿಸಿ ಇಡ್ಲಿ ಹಿಟ್ಟಿನ ಹದಕ್ಕಿಂತ ಸ್ವಲ್ಪ ಗಟ್ಟಿ ಕಲಸಿ, ಕಾಲಿಂಚು ದಪ್ಪ ಹಚ್ಚಿ ಪ್ಲಾಸ್ಟಿಕ್ ಮುಚ್ಚಿ ಎರಡು ಗಂಟೆ ಬಿಡಿ. ಆಮೇಲೆ ಪ್ಲಾಸ್ಟಿಕ್ ತೆಗೆದು ಆರಲು ಬಿಡಿ. ದ್ರವ ಆರುತ್ತಾ ಕಲೆಯನ್ನು ಪುಡಿಗೆ ಎಳೆದುಕೊಂಡು ಬರುತ್ತದೆ. ಒಣಗಿದ್ದನ್ನು ಉಜ್ಜದೆ ನೀರು ಬಿಟ್ಟು ತೊಳೆಯಿರಿ.

ಅದಕ್ಕೂ ಬಗ್ಗದಿದ್ದರೆ ನಯವಾದ ರಬ್ಬಿಂಗ್ ಕಾಂಪೌಂಡ್. ಜೆಲ್‌ಕೋಟ್ ಸುಮಾರು ಅರ್ಧ ಮಿಲಿಮೀಟರ್ ದಪ್ಪ ಇರುತ್ತದೆ, ಕಾರಿನ ಮೇಲ್ಪದರಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆದ್ದರಿಂದ ಒಂದೆರಡು ಸಲ ಉಜ್ಜಿದರೆ ಭಯವಿಲ್ಲ. ಪೇಂಟಿನ ಗೋಡೆಗೆ ಆ ಧೈರ್ಯ ಮಾಡಬೇಡಿ. ಜೆಲ್‌ಕೋಟ್ ಕೆಲಸಕ್ಕೆ ಜನ ಬೇಕಾದರೆ ಮಲ್ಪೆಯಲ್ಲಿ ಫೈಬರ್ ದೋಣಿ ರಿಪೇರಿ ಮಾಡುವವರನ್ನು ವಿಚಾರಿಸಿ. ದೋಣಿಯ ಮೈಯೂ ಟ್ರೇಲರಿನ ಮೈಯೂ ಒಂದೇ ವಸ್ತು, ಅವರ ಕೈಗೆ ಅದರ ಹದ ಗೊತ್ತು.

ವಾಟರ್ ಸರ್ವೀಸಿಗೆ ಕೊಡುವುದಾದರೆ

ಸಮಯ ಇಲ್ಲದವರು ಕೊಡಬಹುದು, ಆದರೆ ಬಿಟ್ಟು ಬರಬೇಡಿ. ಕಾರು ತೊಳೆಯುವವರ ಕೈ ಕಾರಿನ ಗಾಜಿಗೆ ಪಳಗಿದ್ದು. ಟ್ರೇಲರಿನ ಕಿಟಕಿ ಗಾಜಲ್ಲ ಎಂದು ನೀವೇ ಹೇಳಬೇಕು. ಯಾವ ದ್ರವ ಹಾಕುತ್ತೀರಿ ಎಂದು ಕೇಳಿ, ಡಬ್ಬಿ ತೋರಿಸಲು ಹೇಳಿ. ನಿಮ್ಮದೇ ಟರ್ಪೆಂಟೈನ್ ಮತ್ತು ಬಟ್ಟೆ ಕೊಟ್ಟು, ಮುಟ್ಟಬಾರದ ಜಾಗಗಳಿಗೆ ಟೇಪ್ ಹಚ್ಚಿ ಕೊಟ್ಟರೆ ಇನ್ನೂ ಒಳ್ಳೆಯದು. ಗಾಡಿ ಎತ್ತುವ ಹಾಯ್ಸ್ಟಿಗೆ ಏರಿಸಲು ಒಪ್ಪಬೇಡಿ. ಒಂಟಿ ಆ್ಯಕ್ಸಲಿನ ಟ್ರೇಲರ್ ಅದರ ಮೇಲೆ ಸಮತೂಕ ನಿಲ್ಲುವುದಿಲ್ಲ, ಮೂಲೆಯ ಕಾಲುಗಳು ಭಾರ ಎತ್ತುವ ಜಾಕ್ ಅಲ್ಲ. ಸಮತಟ್ಟು ನೆಲದಲ್ಲಿ ಚಕ್ರಕ್ಕೆ ಕಟ್ಟೆ ಕೊಟ್ಟು ಮಾಡಿಸಿ.

ಮನೆಯಲ್ಲೇ ಮಾಡುವವರು ಬಾವಿಯಿಂದ ದೂರ ಹೋಗಿ. ನಮ್ಮ ಕಂಪೌಂಡುಗಳಲ್ಲಿ ಅಂಗಳ, ಬಾವಿ, ತೋಟ ಎಲ್ಲ ಹತ್ತಿರ ಹತ್ತಿರ, ಮುರಕಲ್ಲಿನ ನೆಲ ಸುರಿದದ್ದನ್ನೆಲ್ಲ ಕುಡಿಯುತ್ತದೆ. ಚುಕ್ಕೆಗಳ ಕೆಳಗೆ ಹಳೆಯ ಟಾರ್ಪಾಲ್ ಹಾಸಿ ಅದರ ಮೇಲೆ ರಟ್ಟು, ಮರದ ಹುಡಿ ಹಾಕಿ. ಕಪ್ಪಾದ ಬಟ್ಟೆಗಳನ್ನು ಮುಚ್ಚಳ ಇರುವ ತಗಡಿನ ಡಬ್ಬಿಯಲ್ಲಿ ಹಾಕಿಡಿ, ಸುಡಬೇಡಿ. ಉಳಿದ ಟರ್ಪೆಂಟೈನನ್ನು ಚರಂಡಿಗೆ ಚೆಲ್ಲದೆ ಬಾಟಲಿಯಲ್ಲಿ ಇಟ್ಟರೆ ಕೆಸರು ತಳಕ್ಕೆ ಕೂತು ಮೇಲಿನದ್ದು ಮುಂದಿನ ಸಲ ಚೌಕಟ್ಟಿನ ಕಬ್ಬಿಣಕ್ಕೆ ಬರುತ್ತದೆ.

ಡಾಮರು ತೆಗೆದ ಜಾಗದಲ್ಲಿ ವ್ಯಾಕ್ಸ್ ಪೂರ್ತಿ ಹೋಗಿರುತ್ತದೆ. ಅದೇ ದಿನ ಮತ್ತೆ ಹಚ್ಚಿ, ಮುಂಭಾಗದ ಕೆಳಗಿನ ಎರಡು ಅಡಿಗೆ ಎರಡು ಪದರ. ಮುಂದಿನ ಸಲ ಡಾಮರು ಮೈಗೆ ಹತ್ತದೆ ವ್ಯಾಕ್ಸಿಗೆ ಹತ್ತುತ್ತದೆ, ಅರ್ಧ ಹೊತ್ತಿನಲ್ಲಿ ಬರುತ್ತದೆ. ಎಳೆಯುವ ವಾಹನದ ಹಿಂದಿನ ಚಕ್ರಗಳಿಗೆ ಅಗಲದ ಮಡ್ ಫ್ಲ್ಯಾಪ್ ಹಾಕಿಸುವುದು ಮೇಲೆ ಹೇಳಿದ ಯಾವ ಬಾಟಲಿಗಿಂತಲೂ ಹೆಚ್ಚು ಕೆಲಸ ಉಳಿಸುತ್ತದೆ. ಹೊಸ ಕಪ್ಪು ಕಂಡಲ್ಲಿ ಗಂಟೆಗೆ 30 ಕಿಲೋಮೀಟರಿಗೆ ಇಳಿಸಿ, ಮುಂದಿನ ಲಾರಿಯಿಂದ ದೂರ ಇರಿ.